ಬರ್ನರ್‌ಗೆ ಪಿಎಲ್‌ಸಿ ಹಾಕುವಾಗ ಫ್ಲೇಮ್ ರಿಲೇ ಕಿತ್ತಿಡಬೇಡಿ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ. ಟವೆಲ್ ಡೈಯಿಂಗ್ ಘಟಕದಲ್ಲಿ ಗಂಟೆಗೆ 2 ಟನ್ ಹಬೆಯ ಶೆಲ್ ಬಾಯ್ಲರ್, ಫರ್ನೇಸ್ ಆಯಿಲ್ ಬರ್ನರ್. ಹಳೇ ಪಾನಲ್ ತುಂಬ ಟೈಮರು, ಕಾಂಟ್ಯಾಕ್ಟರು; ಟ್ರಿಪ್ ಆದರೆ, ಅಂದರೆ ಬರ್ನರ್ ತಾನಾಗಿ ನಿಂತರೆ, ಯಾವುದರಿಂದ ಎಂದು ತಿಳಿಯುತ್ತಿರಲಿಲ್ಲ.

ಹಬೆ ಒತ್ತಡದ ಪಿಐಡಿ (ಒತ್ತಡವನ್ನು ಬೇಕಾದಲ್ಲಿ ಹಿಡಿದಿಡುವ ನಿಯಂತ್ರಣ), ಎಣ್ಣೆ ಹೀಟರ್, ಫೀಡ್ ಪಂಪು, ಮೊದಲು ಬಿದ್ದ ಇಂಟರ್‌ಲಾಕ್ (ಬರ್ನರ್ ನಿಲ್ಲಿಸುವ ಸುರಕ್ಷಾ ಸ್ವಿಚ್) ತೋರಿಸುವ ಅಲಾರ್ಮ್ ಇಷ್ಟನ್ನು ಪಿಎಲ್‌ಸಿಗೆ (ಪ್ರೋಗ್ರಾಮ್‌ನಂತೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಕೊಟ್ಟೆ. ಜ್ವಾಲೆಯ ಕಾವಲು ಮಾತ್ರ ಫ್ಲೇಮ್ ರಿಲೇ, ಅಂದರೆ ಬೆಂಕಿ ಆರಿದರೆ ಎಣ್ಣೆ ಕಡಿಯುವ ಪ್ರತ್ಯೇಕ ಸಾಧನದ, ಕೈಯಲ್ಲೇ ಇರಲಿ. ಸಾಮಾನ್ಯ ಪಿಎಲ್‌ಸಿಯ ಔಟ್‌ಪುಟ್ ಕಾಂಟ್ಯಾಕ್ಟ್ ಅಂಟಿಕೊಂಡರೆ ಪ್ರೋಗ್ರಾಮ್ ಎಷ್ಟು ಚೆನ್ನಾಗಿದ್ದರೂ ಎಣ್ಣೆ ನಿಲ್ಲುವುದಿಲ್ಲ. ಹಾಗಾಗಿ ನೀರಿನ ಎರಡನೇ ಕೆಳಮಟ್ಟ, ಅಧಿಕ ಒತ್ತಡ, ಏರ್ ಸ್ವಿಚ್ (ಫ್ಯಾನಿನ ಗಾಳಿ ಬಂದರೆ ಮುಚ್ಚುವುದು), ಎಮರ್ಜೆನ್ಸಿ ಸ್ಟಾಪ್ ನಾಲ್ಕನ್ನೂ ಸರಣಿಯಲ್ಲಿ ತಂತಿಯಿಂದಲೇ ಕಟ್ಟಿ ಎರಡೂ ಎಣ್ಣೆ ಸೊಲೆನಾಯ್ಡ್ ವಾಲ್ವ್‌ಗಳ (ಕರೆಂಟ್ ಹೋದರೆ ಮುಚ್ಚುವವು) ಸಪ್ಲೈಗೆ ಸೇರಿಸಿದೆ. ಪಿಎಲ್‌ಸಿಯದು ಆ ಸರಪಳಿಯ ಇನ್ನೊಂದು ಕೊಂಡಿ, ಅಷ್ಟೇ. ಇನ್‌ಪುಟ್‌ಗಳು 24 ವೋಲ್ಟ್, ಎಲ್ಲವೂ ಸ್ಥಿತಿ ಸರಿಯಿರುವಾಗ ಮುಚ್ಚಿರುವ ಕಾಂಟ್ಯಾಕ್ಟ್. ತಂತಿ ಕಡಿದರೆ ಟ್ರಿಪ್ ಆಗಬೇಕು.

ಪರ್ಜ್‌ನಲ್ಲಿ, ಅಂದರೆ ಹೊತ್ತಿಸುವ ಮುನ್ನ ಉಳಿದ ಅನಿಲವನ್ನು ಗಾಳಿಯಿಂದ ಹೊರದೂಡುವಲ್ಲಿ, ಹಲವರು ಎಡವುತ್ತಾರೆ. ಡ್ಯಾಂಪರ್‌ಗೆ (ಗಾಳಿ ಬಿಡುವ ಬಾಗಿಲು) ತೆರೆಯಲು ಆಜ್ಞೆ ಕೊಟ್ಟ ಕೂಡಲೇ ಟೈಮರ್ ಎಣಿಸಲು ಬಿಡಬಾರದು. ತೆರೆದ ಲಿಮಿಟ್ ಸ್ವಿಚ್, ಏರ್ ಸ್ವಿಚ್ ಎರಡೂ ಬಂದ ಮೇಲೇ ಎಣಿಕೆ. ಫುಲ್ ಲೋಡ್ ಗಾಳಿಯ ಶೇ. 70ಕ್ಕೆ ಕಡಿಮೆಯಿಲ್ಲದೆ, ಬಾಯ್ಲರ್‌ನ ಬೆಂಕಿ-ಹೊಗೆ ಹಾದಿಯ ಒಳಗಾತ್ರದಷ್ಟು ಗಾಳಿ ಕನಿಷ್ಠ 4 ಸಲ ಬದಲಾಗಬೇಕು. ಫ್ಯಾನ್ ಸುರುವಾಗುವ ಮುನ್ನ ಏರ್ ಸ್ವಿಚ್ ತೆರೆದಿದೆಯೇ ಎಂದೂ ಪ್ರೋಗ್ರಾಮ್ ನೋಡಲಿ. ಅಂಟಿಕೊಂಡ ಸ್ವಿಚ್ ಸಿಗುವುದು ಅಲ್ಲಿಯೇ.

ಇಗ್ನಿಷನ್ ಟ್ರಾನ್ಸ್‌ಫಾರ್ಮರ್‌ನ ಕಿಡಿ ಹಾರುವಾಗಲೆಲ್ಲ ಒತ್ತಡದ 4–20 ಮಿಲಿಆಂಪ್ ಸಿಗ್ನಲ್ ಜಿಗಿಯುತ್ತಿತ್ತು. ಅದರ ಕೇಬಲ್ಲನ್ನು ಬೇರೆ ಪೈಪಿಗೆ ಹಾಕಿ, ಶೀಲ್ಡನ್ನು ಪಾನಲ್ ಬದಿಯಲ್ಲಿ ಮಾತ್ರ ಅರ್ಥ್ ಮಾಡಿದ ಮೇಲೆ ನಿಂತಿತು.

ಸೊಲ್ಲಾಪುರದ ಬೇಸಿಗೆಗೆ ಪಾನಲ್ಲನ್ನು ಬರ್ನರ್ ಪಕ್ಕ ಇಡಲೇಬಾರದು. ಬಿಸಿಲಿಗಿಂತ ಹೆಚ್ಚು ಕಾಡಿದ್ದು ಟವೆಲ್ಲಿನ ಹತ್ತಿ ನೂಲಪುಡಿ. ಪಾನಲ್ ಫಿಲ್ಟರ್ ಮುಚ್ಚುವುದಲ್ಲದೆ ಬರ್ನರ್ ಫ್ಯಾನಿನ ಜಾಲರಿಗೂ ಹತ್ತಿಕೊಳ್ಳುತ್ತದೆ. ಗಾಳಿ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ, ಸಡಿಲವಾಗಿ ಇಟ್ಟ ಏರ್ ಸ್ವಿಚ್ ಸುಮ್ಮನಿರುತ್ತದೆ. ಸ್ವಿಚ್ಚಿನ ಸೆಟ್ಟಿಂಗ್ ಬಿಗಿ ಮಾಡಿ, ಜಾಲರಿಯನ್ನು ವಾರಕ್ಕೊಮ್ಮೆ ತೊಳೆಸಿ.

ಕರೆಂಟ್ ಹೋಗಿ ಬಂದರೆ ಬರ್ನರ್ ತಾನೇ ಹೊತ್ತಬಾರದು; ಪ್ರೋಗ್ರಾಮ್‌ನ ಸ್ಟಾರ್ಟ್ ಬಿಟ್ (ಆನ್-ಆಫ್ ಗುರುತು) ಕರೆಂಟ್ ಹೋದಾಗ ಪಿಎಲ್‌ಸಿಯ ನೆನಪಿನಲ್ಲಿ ಉಳಿಯದಂತೆ ಮಾಡಿ.

ಕೊನೆಗೆ ಪರೀಕ್ಷೆ. ಉರಿಯುತ್ತಿರುವಾಗ ಜ್ವಾಲೆ ನೋಡುವ ಫೋಟೊಸೆಲ್ ಕಿತ್ತು ಮುಚ್ಚಿದರೆ 4 ಸೆಕೆಂಡಿನೊಳಗೆ ಎಣ್ಣೆ ನಿಲ್ಲಬೇಕು. ಬಿಸಿ ಬಾಯ್ಲರ್ ನಿಲ್ಲಿಸಿದ ಮೇಲೆ ಸಿಗ್ನಲ್ ಸೊನ್ನೆಗೆ ಬರದಿದ್ದರೆ ಸೆಲ್ ನೋಡುತ್ತಿರುವುದು ಕೆಂಪಗೆ ಕಾದ ರಿಫ್ರ್ಯಾಕ್ಟರಿಯನ್ನು (ಒಳಗಿನ ಬೆಂಕಿ-ಇಟ್ಟಿಗೆ). ಅದರ ಕೋನ ಬದಲಿಸಿ. ಏರ್ ಸ್ವಿಚ್‌ನ ನಳಿಕೆ ಎಳೆದು ನೋಡಿ. ಅಟೆಂಡೆಂಟ್ ನೀರಿನ ಮಟ್ಟದ ಗಾಜಿನ ಮುಂದೆ ನಿಂತಿರುವಾಗ ನೀರಿಳಿಸಿ ಕೆಳಮಟ್ಟದ ಟ್ರಿಪ್ ನೋಡಿ. ಪರೀಕ್ಷೆಗೆಂದು ಫೋರ್ಸ್ ಮಾಡಿದ (ಲ್ಯಾಪ್‌ಟಾಪಿನಿಂದ ಬಲವಂತವಾಗಿ ಆನ್ ಅಥವಾ ಆಫ್ ಮಾಡಿದ) ಬಿಟ್‌ಗಳ ಫೋರ್ಸ್ ಎಲ್ಲ ತೆಗೆದಿದೆಯೇ ನೋಡಿಕೊಂಡೇ ಲ್ಯಾಪ್‌ಟಾಪ್ ಕೇಬಲ್ ಕಳಚಿ.