ಚಿಪ್ಪು ಎಸೆಯಬೇಡಿ: ಪರಾವಲಂಬಿ ಕಣಜಗಳ ಜೊತೆ ನನ್ನ ಅನುಭವ

ನಾನು ಮೊದಲ ಸಲ ಪರಾವಲಂಬಿ ಕಣಜಕ್ಕೆ ಹೆಸರು ಬರೆದಾಗಲೇ ಎಡವಿದೆ. ಎಲೆಯ ಅಡಿಯಲ್ಲಿ ಸಸ್ಯಹೇನುಗಳು ಉಬ್ಬಿಕೊಂಡು, ಒಣಗಿ, ಕಂದುಬಣ್ಣಕ್ಕೆ ತಿರುಗಿ ಕೂತಿದ್ದವು. ಇವಕ್ಕೆ ನಾವು ಮಮ್ಮಿ ಅನ್ನುತ್ತೇವೆ. ಕಣಜದ ಮರಿ ಹೇನನ್ನು ಒಳಗಿನಿಂದ ತಿಂದು ಮುಗಿಸಿ, ಅದರ ಚರ್ಮದೊಳಗೇ ಕೋಶವಾಗಿರುತ್ತದೆ. ಮೂವತ್ತು ಮಮ್ಮಿಗಳನ್ನು ಒಂದೇ ಶೀಶೆಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿಟ್ಟೆ. ಕೆಲವು ದಿನಗಳಲ್ಲಿ ಎರಡು ಬಗೆಯ ಕಣಜ ಹೊರಬಂದವು. ಒಂದು ತೆಳ್ಳಗೆ, ಉದ್ದ ಮೀಸೆಯದು. ಇನ್ನೊಂದು ಗಿಡ್ಡ, ಕಪ್ಪು, ಬೆಳಕಿಗೆ ಹಿಡಿದರೆ ಲೋಹದ ಹೊಳಪು. ಎರಡನ್ನೂ ‘ಹೇನಿನ ಪರಾವಲಂಬಿ’ ಎಂದು ಬರೆದು, ಖಾಲಿ ಚಿಪ್ಪುಗಳನ್ನು ಕಸಕ್ಕೆ ಹಾಕಿದೆ.

ತೆಳ್ಳಗಿನದು ಅಫಿಡಿಯಸ್, ಸರಿಯೇ. ಹೊಳೆಯುತ್ತಿದ್ದದ್ದು ಅಸಾಫಿಸ್. ಅದು ಹೇನಿನ ವೈರಿಯಲ್ಲ, ಹೇನಿನ ಒಳಗಿದ್ದ ಅಫಿಡಿಯಸ್‌ನ ವೈರಿ! ಮಮ್ಮಿಯ ಗೋಡೆ ಚುಚ್ಚಿ, ಒಳಗಿರುವ ಮರಿಕಣಜದ ಮೇಲೆ ಮೊಟ್ಟೆ ಇಡುತ್ತದೆ. ಹೇನು ಕಡಿಮೆ ಮಾಡುವ ಕಣಜವೆಂದು ನಾನು ಸಂಭ್ರಮದಿಂದ ಬರೆದಿಟ್ಟದ್ದು, ಹೇನು ಉಳಿಯಲು ನೆರವಾಗುವ ಕಣಜ.

ಇದು ಗೊತ್ತಾಗಬಹುದಾಗಿದ್ದದ್ದು ನಾನು ಎಸೆದ ಚಿಪ್ಪಿನಿಂದಲೇ. ಅಫಿಡಿಯಸ್ ಹೊರಬರುವಾಗ ಮಮ್ಮಿಯ ಬೆನ್ನಿನ ಹಿಂಭಾಗದಲ್ಲಿ ದುಂಡಗೆ, ನುಣುಪಾಗಿ ಕೊರೆಯುತ್ತದೆ. ಕೊರೆದ ಬಿಲ್ಲೆ ಎಷ್ಟೋ ಸಲ ಡಬ್ಬಿಯ ಮುಚ್ಚಳದಂತೆ ಅಲ್ಲೇ ನೇತಾಡುತ್ತಿರುತ್ತದೆ. ಅಸಾಫಿಸ್, ಡೆಂಡ್ರೊಸೆರಸ್‌ನಂಥ, ಕಣಜವನ್ನೇ ತಿನ್ನುವ ಕಣಜಗಳು ಮಾಡುವ ತೂತಿನ ಅಂಚು ಕಚ್ಚಿ ಹರಿದಂತೆ ಒರಟಾಗಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲೇ ಕಾಣುತ್ತದೆ. ಚಿಪ್ಪಿನ ಬಣ್ಣವೂ ಸುಮ್ಮನಿಲ್ಲ: ಅಫಿಲಿನಸ್ ಹೊಕ್ಕ ಹೇನು ಕಪ್ಪಾಗುತ್ತದೆ, ಪ್ರಾವೊನ್ ಹೇನಿನ ಹೊಟ್ಟೆಯಡಿ ಡೇರೆ ಹಾಕಿದಂತೆ ಗೂಡು ಕಟ್ಟಿ ಅದರೊಳಗೆ ಕೋಶವಾಗುತ್ತದೆ. ಕಣಜ ಕಣ್ಣಿಗೆ ಬೀಳುವ ಮೊದಲೇ ಅರ್ಧ ಗುರುತು ಸಿಕ್ಕಂತೆ.

ಅಂದಿನಿಂದ ಒಂದು ಮಮ್ಮಿಗೆ ಒಂದು ಜೆಲಾಟಿನ್ ಕ್ಯಾಪ್ಸೂಲ್. ಕಣಜ, ಚಿಪ್ಪು ಎರಡಕ್ಕೂ ಒಂದೇ ಸಂಖ್ಯೆ. ಚೀಟಿಯಲ್ಲಿ ಗಿಡ, ಹೇನು, ದಿನಾಂಕ, ಜಾಗ. ಬೇಸರದ ಕೆಲಸ, ಆದರೆ ಈ ಚೀಟಿಯಿಲ್ಲದ ಕಣಜವನ್ನು ಯಾರಾದರೂ ತಂದು ಹೆಸರು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಳದಿ ತಟ್ಟೆಗೆ ಸೋಪಿನ ನೀರು ಹಾಕಿಟ್ಟರೆ ಒಂದೇ ದಿನದಲ್ಲಿ ನೂರಾರು ಕಣಜ ಬೀಳುತ್ತವೆ, ನಿಜ. ಯಾವುದು ಯಾವುದರೊಳಗಿಂದ ಬಂತು ಅನ್ನುವುದನ್ನು ಮಾತ್ರ ತಟ್ಟೆ ಹೇಳುವುದಿಲ್ಲ.

ಇನ್ನು ಕಣಜದ ಮೈಗೆ ಬರೋಣ. ಹೊಸಬರು ಬಣ್ಣ, ಗಾತ್ರ ನೋಡುತ್ತಾರೆ. ನಾನೂ ನೋಡಿದೆ. ಸಣ್ಣ ಹುಳದೊಳಗೆ ಬೆಳೆದ ಕಣಜ ಸಣ್ಣದಾಗುತ್ತದೆ, ಚಳಿಯಲ್ಲಿ ಬೆಳೆದದ್ದು ಕಪ್ಪಾಗುತ್ತದೆ. ಹಾಗಾಗಿ ಒಂದೇ ತಾಯಿಯ ಮಕ್ಕಳು ಎರಡು ಪ್ರಭೇದದಂತೆ ಕಾಣುವುದುಂಟು. ನಂಬಬೇಕಾದದ್ದು ರೆಕ್ಕೆಯ ನರ, ಮೀಸೆಯ ಗೆಣ್ಣು, ಪಾದದ ಗೆಣ್ಣು.

ಪರಾವಲಂಬಿ ಕಣಜಗಳಲ್ಲಿ ಇಕ್ನ್ಯುಮಾನ್, ಬ್ರಾಕಾನಿಡ್ ಎಂಬ ಎರಡು ದೊಡ್ಡ ಕುಟುಂಬಗಳಿವೆ; ಕೈಯಲ್ಲಿರುವುದು ಯಾವುದು ಎಂಬ ಪ್ರಶ್ನೆ ದಿನಾ ಏಳುತ್ತದೆ. ಮುಂದಿನ ರೆಕ್ಕೆಯ ಹೊರ ಅರ್ಧದಲ್ಲಿ, ಕೆಳಮುಖವಾಗಿ ಓಡುವ ಅಡ್ಡನರಗಳು ಎರಡಿದ್ದರೆ ಇಕ್ನ್ಯುಮಾನ್, ಒಂದೇ ಇದ್ದರೆ ಬ್ರಾಕಾನಿಡ್. ಅಪವಾದಗಳಿವೆ, ಆದರೆ ತೀರಾ ವಿರಳ. ಇನ್ನೊಂದು ಗುರುತು: ಬ್ರಾಕಾನಿಡ್‌ಗಳ ಹೊಟ್ಟೆಯ ಮೇಲಿನ ಎರಡು, ಮೂರನೆಯ ಫಲಕಗಳು ಬೆಸೆದುಕೊಂಡಿರುತ್ತವೆ. ತಮಾಷೆಯೆಂದರೆ, ನಾನು ಕಲಿಯಲು ಶುರುಮಾಡಿದ ಅಫಿಡಿಯಸ್ ಬ್ರಾಕಾನಿಡ್ ಆಗಿದ್ದೂ ಈ ನಿಯಮಕ್ಕೆ ಬಗ್ಗುವುದಿಲ್ಲ. ಅದರ ಫಲಕಗಳ ನಡುವಿನ ಕೀಲು ಸಡಿಲವೇ ಇರುತ್ತದೆ. ಹಾಗಾಗಿಯೇ ಹೊಟ್ಟೆಯನ್ನು ಕಾಲುಗಳ ನಡುವಿನಿಂದ ತಲೆಯ ಮುಂದಕ್ಕೆ ಚಾಚಿ ಹೇನನ್ನು ಚುಚ್ಚಲು ಅದಕ್ಕೆ ಸಾಧ್ಯ. ಅದು ಚುಚ್ಚುವುದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಈ ಅಪವಾದ ಮರೆಯುವುದಿಲ್ಲ.

ಪ್ರಭೇದದ ಮಟ್ಟಕ್ಕೆ ಇಳಿದರೆ ಕಷ್ಟ ಶುರು. ಅಫಿಡಿಯಸ್ ಕೊಲೆಮಾನಿಯ ಮೀಸೆಯಲ್ಲಿ 15ರ ಆಸುಪಾಸು ಗೆಣ್ಣು, ಅಫಿಡಿಯಸ್ ಎರ್ವಿಯಲ್ಲಿ ಸಾಮಾನ್ಯವಾಗಿ 18-19. ಎಣಿಸುವಾಗ ತುದಿಯ ಗೆಣ್ಣು ಮುರಿದಿದೆಯೇ ಎಂದು ಮೊದಲು ನೋಡಿ. ಮುರಿದ ಮೀಸೆ ಎಣಿಸಿ ಮೂರು ದಿನ ತಲೆ ಕೆಡಿಸಿಕೊಂಡವನು ನಾನು. ಆಮೇಲೆ ಸೊಂಟದ ಪಕ್ಕದ ಗೀರುಗಳು: ಕೊಲೆಮಾನಿಯಲ್ಲಿ ಒಂದರ ಪಕ್ಕ ಒಂದು ಸಣ್ಣ ಗೆರೆಗಳು, ಎರ್ವಿಯಲ್ಲಿ ಒರಟು ಸುಕ್ಕು. ಮೈಕ್ರೋಸ್ಕೋಪಿನ ದೀಪವನ್ನು ಓರೆಯಾಗಿ ಬಿಟ್ಟರೆ ಮಾತ್ರ ಈ ಗೆರೆಗಳು ಎದ್ದು ಕಾಣುತ್ತವೆ. ಇಷ್ಟೆಲ್ಲ ಮಾಡಿ ಕೊಲೆಮಾನಿ ಎಂದು ಬರೆದುಕೊಂಡವರಿಗೆ 2014ರಲ್ಲಿ ಇನ್ನೊಂದು ಪೆಟ್ಟು ಬಿತ್ತು: ಆ ಒಂದು ಹೆಸರಿನಡಿ ಮೂರು ಪ್ರಭೇದಗಳು ಸೇರಿಕೊಂಡಿದ್ದವು.

ಒಣಗಿಸುವ ವಿಷಯದಲ್ಲೂ ಕೈ ಸುಟ್ಟುಕೊಂಡಿದ್ದೇನೆ. ಚಾಲ್ಸಿಡ್ ಎಂಬ ಗುಂಪಿನ (ಅಸಾಫಿಸ್ ಕೂಡ ಇದರದೇ) ಸಣ್ಣ ಕಣಜಗಳನ್ನು ಆಲ್ಕೋಹಾಲಿನಿಂದ ತೆಗೆದು ಹಾಗೇ ಗಾಳಿಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ಕಣ್ಣು ಒಳಗೆ ಹೋಗಿ, ತಲೆ ಒಣದ್ರಾಕ್ಷಿಯಾಗಿತ್ತು. ಈಗ ಹೆಕ್ಸಾಮಿಥೈಲ್‌ಡೈಸಿಲಜೇನ್ ಎಂಬ ರಾಸಾಯನಿಕ ದ್ರವದಲ್ಲಿ ಅದ್ದಿ ಒಣಗಿಸುತ್ತೇನೆ. ಅದರ ಆವಿ ಕೆಟ್ಟದ್ದು, ಆವಿ ಹೊರಗೆಳೆಯುವ ಗೂಡಿನೊಳಗೇ ಮಾಡಬೇಕು. ಮೈರಚನೆ ನೋಡುವುದಕ್ಕೆ 70% ಆಲ್ಕೋಹಾಲ್ ಸಾಕು. ಡಿಎನ್‌ಎ ಬೇಕಾದರೆ 95% ಮತ್ತು ತಂಪು. ಆದರೆ 95ರಲ್ಲಿ ಇಟ್ಟ ಕಣಜದ ಕಾಲು, ಮೀಸೆ ಮುಟ್ಟಿದರೆ ಮುರಿಯುತ್ತವೆ.

ತಾಳ್ಮೆಯ ನಿಜವಾದ ಪರೀಕ್ಷೆ ಟ್ರೈಕೊಗ್ರಾಮ. ಸುಮಾರು ಅರ್ಧ ಮಿಲಿಮೀಟರ್ ಕಣಜ, ಬೇರೆ ಕೀಟಗಳ ಮೊಟ್ಟೆಯೊಳಗೆ ಬೆಳೆಯುತ್ತದೆ. ಪಾದಕ್ಕೆ ಮೂರೇ ಗೆಣ್ಣು, ರೆಕ್ಕೆಯ ಮೇಲೆ ಸಾಲುಸಾಲು ಕೂದಲು ಇದ್ದರೆ ಇದೇ ಗುಂಪಿನದು ಎನ್ನಬಹುದು. ಅಲ್ಲಿಂದಾಚೆ ಮೇಲುನೋಟಕ್ಕೆ ಎಲ್ಲವೂ ಒಂದೇ. 1960ರ ದಶಕದ ಕೊನೆಯಿಂದ ಕೀಟತಜ್ಞರಾದ ಎಚ್. ನಾಗರಾಜ ಮತ್ತು ಸುಧಾ ನಾಗರಕಟ್ಟಿ ಗಂಡಿನ ಜನನಾಂಗದ ಆಕಾರದಿಂದ ಪ್ರಭೇದಗಳನ್ನು ಬಿಡಿಸಬಹುದೆಂದು ತೋರಿಸಿದ ಮೇಲೆಯೇ ಈ ಗೋಜಲು ಬಿಡಿಸಿಕೊಂಡದ್ದು. ಹಾಗಾಗಿ ಮೊದಲು ಗಂಡು ಹುಡುಕಬೇಕು: ಮೀಸೆಯ ತುಂಬ ಉದ್ದುದ್ದ ಕೂದಲಿದ್ದರೆ ಗಂಡು, ತುದಿ ಗದೆಯಂತಿದ್ದರೆ ಹೆಣ್ಣು. 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಇಟ್ಟು, ಮೈ ಪಾರದರ್ಶಕವಾದ ಮೇಲೆ ತೊಳೆದು ಸ್ಲೈಡಿಗೆ ಏರಿಸುತ್ತೇನೆ. ಜನನಾಂಗ ಅಂಗಾತ ಮಲಗಬೇಕು. ಪಕ್ಕಕ್ಕೆ ವಾಲಿದರೆ ಆಕಾರ ಸುಳ್ಳು ಹೇಳುತ್ತದೆ. ಕವರ್ ಸ್ಲಿಪ್ ಇಡುವ ಆ ಒಂದು ಕ್ಷಣದಲ್ಲಿ ಉಸಿರು ಬಿಡುವುದಿಲ್ಲ. ಮೊದಲ ಹತ್ತು ಸ್ಲೈಡುಗಳಲ್ಲಿ ಆರು ವಾಲಿದ್ದವು, ಒಂದರಲ್ಲಿ ಕಣಜವೇ ಇರಲಿಲ್ಲ.

ಗಂಡೇ ಹುಟ್ಟದಿದ್ದರೆ? ಅದೂ ಉಂಟು. ಟ್ರೈಕೊಗ್ರಾಮದ ಕೆಲವು ತಳಿಗಳಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡು, ಹೆಣ್ಣು ಹೆಣ್ಣನ್ನೇ ಹಡೆಯುತ್ತಾ ಹೋಗುತ್ತದೆ. ತಾಯಿಗೆ ಆ್ಯಂಟಿಬಯೋಟಿಕ್ ಬೆರೆಸಿದ ಜೇನು ಕೊಟ್ಟರೆ ಮುಂದೆ ಗಂಡು ಹುಟ್ಟುತ್ತವೆ. ಹೆಸರಿಗಾಗಿ ಕಣಜಕ್ಕೆ ಔಷಧ ಕುಡಿಸುವ ಪರಿಸ್ಥಿತಿ ಬರುತ್ತದೆಂದು ಯಾರು ಎಣಿಸಿದ್ದರು!

ಡಿಎನ್‌ಎಯ ಒಂದು ಸಣ್ಣ ತುಣುಕನ್ನು ಓದಿ ಪ್ರಭೇದ ಗುರುತಿಸುವ ಡಿಎನ್‌ಎ ಬಾರ್‌ಕೋಡ್ ಬಂತಲ್ಲ, ಇದೆಲ್ಲ ಯಾಕೆ ಎಂದು ಕೇಳುತ್ತಾರೆ. ನಾನೂ ಮಾಡಿಸುತ್ತೇನೆ. ಸುಮಾರು 658 ಅಕ್ಷರಗಳ ಆ ತುಣುಕು ‘ಇವೆರಡು ಬೇರೆ’ ಎಂದು ಚೆನ್ನಾಗಿ ಹೇಳುತ್ತದೆ. ಹೋಲಿಸಲು ಹೆಸರಿರುವ ಮಾದರಿ ಇಲ್ಲದಿದ್ದರೆ ‘ಇದು ಯಾವುದು’ ಎಂದು ಹೇಳುವುದಿಲ್ಲ. ಕೋಸ್ಟರೀಕದ ಒಂದೇ ಸಂರಕ್ಷಿತ ಪ್ರದೇಶದ ಅಪಾಂಟಿಲಿಸ್ ಕಣಜಗಳಲ್ಲಿ 186 ಹೊಸ ಪ್ರಭೇದಗಳನ್ನು 2014ರಲ್ಲಿ ಹೆಸರಿಸಿದಾಗಲೂ ಡಿಎನ್‌ಎ ಜೊತೆಗೆ ಮೈರಚನೆಯನ್ನೂ, ಯಾವ ಹುಳದಿಂದ ಬಂತು ಎಂಬ ದಾಖಲೆಯನ್ನೂ ಇಟ್ಟು ನೋಡಿದ್ದರು.

ನನ್ನ ಪೆಟ್ಟಿಗೆಯಲ್ಲಿ 41ನೇ ಕ್ಯಾಪ್ಸೂಲ್ ಹಾಗೇ ಇದೆ. ಚಿಪ್ಪಿನ ತೂತು ದುಂಡಗಿದೆ, ಮೀಸೆ ಎರಡೂ ತುದಿ ಮುರಿದಿವೆ. ಚೀಟಿಯಲ್ಲಿ ‘ಅಫಿಡಿಯಸ್, ಹೆಣ್ಣು’ ಎಂದಷ್ಟೇ ಬರೆದಿದ್ದೇನೆ.