ಮಲೆನಾಡಿನ ಮಳೇಲಿ ಹಳೆ ಅಕಾರ್ಡಿಯನ್ ಕಾಪಾಡ್ಕೊಳ್ಳೋದು ಹೇಗೆ

ಸಾಗರ, ತೀರ್ಥಹಳ್ಳಿ ಕಡೆ ಮನೇಲಿ ಅಜ್ಜನ ಕಾಲದ, ತಿದಿ ಎಳೆದು ನುಡಿಸೋ ಅಕಾರ್ಡಿಯನ್ ಇದ್ದೋರಿಗೆ, ಇಲ್ಲಾ ನಾಲ್ಕೈದು ಸೇರಿಸಿ ಒಂದು ಸಣ್ಣ ಮ್ಯೂಸಿಯಂ ಮಾಡೋಣ ಅಂತಿರೋರಿಗೆ ಮೊದಲ ಮಾತು, ಬೂಷ್ಟು ಬಂತು ಅಂತ ಅದನ್ನ ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕ್ಬೇಡಿ. ಅಡಿಕೆಗೆ ಆ ಬಿಸಿ ಸರಿ, ಇದಕ್ಕಲ್ಲ. ಒಳಗೆ ಸ್ವರ ಹೊರಡಿಸೋ ತೆಳ್ಳನೆ ಸ್ಟೀಲ್ ನಾಲಿಗೆಗಳು, ಅಂದ್ರೆ ರೀಡ್‌ಗಳು, ಕೂತಿರೋ ಲೋಹದ ಪ್ಲೇಟ್‌ಗಳು ಮರಕ್ಕೆ ಅಂಟಿರೋದು ರಾಳ ಬೆರೆಸಿದ ಜೇನುಮೇಣದಿಂದ, ಜೇನುಮೇಣ 62-64 ಡಿಗ್ರಿಗೆ ಕರಗತ್ತೆ, ಅದಕ್ಕೂ ಮೊದಲೇ ಮೆತ್ತಗಾಗಿ ಪ್ಲೇಟು ಜಾರತ್ತೆ, ಆಮೇಲೆ ಸ್ವರ ಎಲ್ಲಿ ಹುಡುಕ್ತೀರಾ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಅಷ್ಟೇ.

ತೇವ ತೆಗೀಬೇಕು, ಆದ್ರೆ ನಿಧಾನಕ್ಕೆ. ಗಾಳಿಯ ತೇವ ಅಳೆಯೋ ಒಂದು ಹೈಗ್ರೋಮೀಟರ್ ತಗೊಳ್ಳಿ, ದುಬಾರಿ ಏನಲ್ಲ. 45ರಿಂದ 55 ಪರ್ಸೆಂಟ್ ಇದ್ರೆ ಚೆನ್ನ, ನಮ್ಮ ಆಷಾಢದ ಜಡಿಮಳೇಲಿ 90 ದಾಟತ್ತೆ ಅನ್ನೋದು ನಿಮಗೇ ಗೊತ್ತು. ಬಾಗಿಲು ಬಿಗಿಯಾಗಿ ಕೂರೋ ಗಾಜಿನ ಬೀರು, ಒಳಗೆ ತೇವ ಹೀರೋ ಸಿಲಿಕಾ ಜೆಲ್ ಹರಳು, ಇಷ್ಟೇ ಉಪಾಯ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರತ್ತೆ, ಕಿತ್ತಳೆ ಬಣ್ಣದ್ದು ತಗೊಳ್ಳಿ, ಬಣ್ಣ ಬದಲಾದ್ಮೇಲೆ ಓವನ್‌ನಲ್ಲಿ 110-120 ಡಿಗ್ರೀಲಿ ಒಣಗಿಸಿ ಮತ್ತೆ ಬಳಸಿ. ಅತಿ ಮಾಡ್ಬೇಡಿ, 40ಕ್ಕಿಂತ ಕೆಳಗಿಳಿದ್ರೆ ಮರ ಬಿರಿಯಬಹುದು. ಮಖಮಲ್ ಒಳಪದರದ ಹಳೆ ಪೆಟ್ಟಿಗೆ ತೇವ ಹಿಡ್ಕೊಳತ್ತೆ, ಮಳೆಗಾಲದಲ್ಲಿ ಅದರೊಳಗೆ ಮುಚ್ಚಿಡಬೇಡಿ.

ಬೂಷ್ಟು ಬಂದಿದ್ರೆ ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಶ್‌ನಿಂದ ತೆಗೀರಿ. ಒದ್ದೆ ಬಟ್ಟೆ ಬೇಡ, ತಿದಿಯ ಚರ್ಮಕ್ಕೆ ಕೊಬ್ಬರಿ ಎಣ್ಣೆ ಅಂತೂ ಬೇಡ್ವೇ ಬೇಡ. ಬಟನ್ನೋ ಕೀಲಿಯೋ ಒತ್ತದೆ ತಿದಿ ಎಳೀಬೇಡಿ. ಅಡ್ಡ ಮಲಗಿಸ್ದೆ, ನುಡಿಸೋವಾಗ ಹೇಗಿರತ್ತೋ ಹಾಗೇ ನೆಟ್ಟಗೆ ನಿಲ್ಲಿಸಿ, ಇಲ್ದಿದ್ರೆ ರೀಡ್ ಮೇಲಿನ ತೆಳ್ಳನೆ ಚರ್ಮದ ಪಟ್ಟಿಗಳು ಜೋತು ಬೀಳ್ತಾವೆ.

ಆಯುಧಪೂಜೆಗೆ ಇಡೋರು ಕೇಳಿ. ಮುತ್ತಿನ ಹೊಳಪಿನ ಆ ಹೊದಿಕೆ ಬಹಳ ಹಳೆವುಗಳಲ್ಲಿ ಸೆಲ್ಯುಲಾಯ್ಡ್ ಅನ್ನೋ ಹಳೆ ಕಾಲದ ಪ್ಲಾಸ್ಟಿಕ್, ಅದರೊಳಗೆ ಕರ್ಪೂರನೇ ಇರತ್ತೆ, ಕಿಡಿ ತಗುಲಿದ್ರೆ ಭಗ್ ಅಂತ ಹತ್ಕೊಳತ್ತೆ. ಆರತಿ ದೂರದಿಂದ ಮಾಡಿ, ಕುಂಕುಮ ಜಾಲರಿಯೊಳಗೆ ಬೀಳದ ಹಾಗೆ ಹೆಗಲಿಗೆ ಹಾಕೋ ಪಟ್ಟಿಗೆ ಹಚ್ಚಿ.

ಇನ್ನು ಲೇಬಲ್. ಅಂಟಿಸ್ಬೇಡಿ, ಹತ್ತಿ ದಾರದಲ್ಲಿ ಚೀಟಿ ಕಟ್ಟಿ. ಕಂಪನಿ, ಎಡಗೈ ಕಡೆಯ ಬಾಸ್ ಬಟನ್ ಎಷ್ಟು, ಸೀರಿಯಲ್ ನಂಬರ್ ಬರೀರಿ. ವೆಸ್ಟ್ ಜರ್ಮನಿ ಅಂತ ಅಚ್ಚಿದ್ರೆ 1949ರ ನಂತರದ್ದು. ಇನ್ನೂರೈವತ್ತು ವರ್ಷ ಹಳೇದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಟೀ ಕುಡಿಸಿ ಕಳಿಸಿ, ವಿಯೆನ್ನಾದಲ್ಲಿ ಡೆಮಿಯಾನ್ ಅನ್ನೋ ವಾದ್ಯ ತಯಾರಕ ಈ ಹೆಸರಲ್ಲಿ ಪೇಟೆಂಟ್ ತಗೊಂಡಿದ್ದೇ 1829ರಲ್ಲಿ. ಯಾರ ಮನೇದು, ಯಾವ ನಾಟಕಕ್ಕೋ ಆರ್ಕೆಸ್ಟ್ರಾಕ್ಕೋ ನುಡಿಸ್ತಿದ್ರು ಅನ್ನೋದನ್ನ ಮನೆಯ ಹಿರಿಯರನ್ನ ಈಗಲೇ ಕೇಳಿ ಬರ್ಕೊಳ್ಳಿ, ಸೀರಿಯಲ್ ನಂಬರ್ ಆಮೇಲೂ ಸಿಗತ್ತೆ.