ಒಂದು ಚರಣದೊಳಗೆ ಕಾಡು ಹೋಗಿ ಕಡಲು ಬರಬೇಕು

ಶಿರಸಿಯ ನಮ್ಮ ಹವ್ಯಾಸಿ ತಂಡ ಹನ್ನೊಂದು ಹಾಡುಗಳಿರುವ ನಾಟಕಕ್ಕೆ ಕೈಹಾಕಿದಾಗ ರಂಗಸಜ್ಜಿಕೆ ನನ್ನ ಪಾಲಿಗೆ ಬಂತು. ನಾನು ಚಿತ್ರಕಲಾ ಶಿಕ್ಷಕ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬರುವ ಕಂಪನಿ ನಾಟಕಗಳ ಅರಮನೆ ಪರದೆ, ಕಾಡಿನ ಪರದೆಗಳೇ ತಲೆಯಲ್ಲಿ ತುಂಬಿದ್ದವು. ಮೊದಲ ತಾಲೀಮಿನಲ್ಲಿ ಹಾರ್ಮೋನಿಯಂ ನುಡಿಸುವವರು, ‘ಕಾಡಿನ ದೃಶ್ಯ ಹೋಗಿ ಬಂದರಿನ ದೃಶ್ಯ ಬರಲು ಎಷ್ಟು ಹೊತ್ತು?’ ಎಂದು ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ದೃಶ್ಯ ಬದಲಾಗುವಾಗ ಹಾಡುವ ಚರಣವನ್ನು ಹಾಡಿಸಿ ಮೊಬೈಲಿನಲ್ಲಿ ಅಳೆದೆವು: 40 ಸೆಕೆಂಡು.

ಕೊನೆಗೆ ಒಪ್ಪಿದ್ದು ಪ್ರಾಚೀನ ಗ್ರೀಕರೂ ಬಳಸುತ್ತಿದ್ದ ಮೂರು ಮುಖದ ಕಂಬಗಳನ್ನು. 3 ಅಡಿ ಅಗಲ, 8 ಅಡಿ ಎತ್ತರದ ಮೂರು ಚೌಕಟ್ಟುಗಳನ್ನು ತ್ರಿಕೋನವಾಗಿ ಕಟ್ಟಿ, ಬುಡಕ್ಕೆ ರಬ್ಬರ್ ಚಕ್ರ ಹಾಕಿದೆ. ಒಂದು ಮುಖ ಅಡಕೆ ತೋಟ, ಒಂದು ಕಾಡು, ಇನ್ನೊಂದು ಬಂದರು. ಅಂಥವು ಐದು. ಚೌಕಟ್ಟಿಗೆ ಅಡಕೆ ಮರ ಸೀಳಿದ ಒಣ ದಬ್ಬೆ, ಖರ್ಚಿಲ್ಲ. ಆದರೆ ದಬ್ಬೆಗೆ ನೇರವಾಗಿ ಮೊಳೆ ಹೊಡೆದರೆ ಉದ್ದಕ್ಕೂ ಸೀಳುತ್ತದೆ. ನಾಲ್ಕು ದಬ್ಬೆ ಹಾಳಾದ ಮೇಲೆ ಡ್ರಿಲ್‌ನಿಂದ ತೂತು ಕೊರೆದು ಸ್ಕ್ರೂ ಹಾಕುವ ಬುದ್ಧಿ ಬಂತು.

ಬಟ್ಟೆ ಬಿಗಿಯಲು ಹುಣಸೆ ಬೀಜದ ಅಂಟು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದಿಸಿದರೆ ಗಂಜಿಯಂತಾಗುತ್ತದೆ. ಹಾಗೆಯೇ ಬಿಟ್ಟರೆ ಮಲೆನಾಡಿನ ಥಂಡಿಗೆ ಬೂಸ್ಟು ಹಿಡಿಯುವುದು ಖಂಡಿತ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲೆಂದು ಮನೆಯಲ್ಲಿಟ್ಟಿದ್ದ ಮೈಲುತುತ್ತವನ್ನು ಒಂದು ಚಿಟಿಕೆ ಸೇರಿಸಿದೆ. ತೋಟಕ್ಕೆ ಆಗುವುದು ನಾಟಕಕ್ಕೂ ಆಯಿತು. ಅಂಟಿನ ಮೇಲೆ ಸೀಮೆಸುಣ್ಣದ ಪುಡಿಯ ಲೇಪ. ಅದು ಒಣಗಿದಾಗ ಬಟ್ಟೆ ಬಿಗಿದುಕೊಂಡು, ತಟ್ಟಿದರೆ ಮದ್ದಳೆಯ ಹಾಗೆ ಸದ್ದು ಮಾಡಿತು. ಕಾಡಿನ ಮುಖಕ್ಕೆ ಊರಿನ ಕೆಮ್ಮಣ್ಣನ್ನೇ ಸೋಸಿ ಬಳಿದೆ. ಬಂದರಿನ ಕಡಲಿಗೆ ಮಾತ್ರ ಹಟದಿಂದ ಪೇಟೆಯ ದುಬಾರಿ ನೀಲಿ ತಂದೆ. ಹಳದಿ ದೀಪ ಬಿದ್ದೊಡನೆ ಅದು ಪಾತ್ರೆ ತೊಳೆದ ನೀರಿನಂತೆ ಕಂಡಿತು. ದೀಪಕ್ಕೆ ನೀಲಿ ಹಾಳೆ ಕಟ್ಟಿದೆವು. ನನ್ನ ಬಣ್ಣಕ್ಕಿಂತ ಆ ಹಾಳೆಯೇ ಹೆಚ್ಚು ಕೆಲಸ ಮಾಡಿತು.

ಐದೂ ಕಂಬಗಳ ಮೇಲೆ ಬರೆದ ಕಡಲಿನ ಗೆರೆ ಒಂದಕ್ಕೊಂದು ಕೂಡಬೇಕಲ್ಲ, ಅದಕ್ಕೆ ನೆಲದಲ್ಲಿ ಬಿಳಿ ಟೇಪಿನ ಗುರುತು ಹಾಕಿದ್ದೆ. ಶಿರಸಿಯಲ್ಲಿ 25 ಸೆಕೆಂಡಿನಲ್ಲಿ ಎಲ್ಲವೂ ಮುಗಿಯುತ್ತಿತ್ತು.

ಕಾರವಾರದ ಪ್ರದರ್ಶನ ಟ್ಯಾಗೋರ್ ಕಡಲತೀರದ ಬಯಲಿನಲ್ಲಿತ್ತು. ದೇವಿಮನೆ ಘಟ್ಟ ಇಳಿಸಿ ತಂದ ಕಂಬಗಳನ್ನು ಸಂಜೆ ನಿಲ್ಲಿಸಿದ್ದೇ ತಡ, ಕಡಲಗಾಳಿಗೆ ಎರಡು ಕಂಬ ಹಾಯಿಯಂತೆ ಉಬ್ಬಿ ಮಗುಚಿಬಿದ್ದವು. ಮುಚ್ಚಿದ ಕೋಣೆಯಲ್ಲಿ ಲೆಕ್ಕ ಹಾಕಿದವನಿಗೆ ಗಾಳಿಯ ನೆನಪೇ ಇರಲಿಲ್ಲ. ಗೋಣಿಚೀಲಗಳಿಗೆ ಅಲ್ಲಿಯದೇ ಮರಳು ತುಂಬಿ ಪ್ರತಿ ಕಂಬದ ಬುಡಕ್ಕೆ ಕಟ್ಟಿದೆವು. ತಿರುಗಿಸುವ ಮೊದಲು ಬಿಚ್ಚಬೇಕು, ತಿರುಗಿಸಿ ಮತ್ತೆ ಕಟ್ಟಬೇಕು; ತಾಲೀಮಿಗೆ ಸಮಯವಿಲ್ಲ.

ಚರಣ ಬಂತು, ದೀಪ ಆರಿತು. ನಾಲ್ಕು ಕಂಬ ಹೊರಳಿದವು. ಐದನೆಯದರ ಗಂಟು ಬಿಚ್ಚಲಾಗದೆ ಹುಡುಗ ಗಾಬರಿಯಲ್ಲಿ ಎಳೆದಾಡಿ ತಪ್ಪು ಮುಖ ತಿರುಗಿಸಿಬಿಟ್ಟ. ಬೆಳಕು ಬಂದಾಗ ಬಂದರಿನ ತುದಿಯಲ್ಲಿ ಅಡಕೆ ಮರಗಳು ನಿಂತಿದ್ದವು. ನಾನು ಪಕ್ಕದ ಪರದೆಯ ಮರೆಯಲ್ಲಿ ತಲೆ ತಗ್ಗಿಸಿಕೊಂಡಿದ್ದೆ. ಮುಂದಿನ ಸಾಲಿನಿಂದ ಒಂದು ಮಗು, ‘ಕಡಲ ಹತ್ತಿರ ಅಡಕೆ ಮರ ಯಾಕೆ?’ ಎಂದಿತು. ‘ಹಡಗಿಗೆ ಹೇರುವುದಕ್ಕೆ’ ಎಂದು ಅಜ್ಜ ಸಮಾಧಾನ ಹೇಳಿದರು.